ಇಟ್ಟ ಡಿಸ್‌ಪ್ಲೇ ಸೆಟ್ಟಿಂಗ್ ನಿಲ್ಲುತ್ತಿಲ್ಲವೇ? ಕಾರಣ ಹುಡುಕಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ರಾತ್ರಿ ರೆಸಲ್ಯೂಶನ್ 1920×1080ಕ್ಕೆ ಇಟ್ಟು ಕಂಪ್ಯೂಟರ್ ಆಫ್ ಮಾಡುತ್ತೀರಿ. ಬೆಳಗ್ಗೆ ಆನ್ ಮಾಡಿದರೆ 1024×768. ಐಕಾನ್‌ಗಳೆಲ್ಲ ದಪ್ಪ ದಪ್ಪ, ಅಕ್ಷರ ಮಸುಕು. ಮತ್ತೆ ಸೆಟ್ಟಿಂಗ್ಸ್‌ಗೆ ಹೋಗಿ ಸರಿಮಾಡುತ್ತೀರಿ. ಮಾರನೇ ದಿನ ಮತ್ತೆ ಅದೇ ಪಾಡು. ಕೆಲವರಿಗೆ ಇದು ಸ್ಕೇಲಿಂಗ್‌ನಲ್ಲಿ (ಅಕ್ಷರ, ಐಕಾನ್‌ಗಳ ಗಾತ್ರದಲ್ಲಿ) ಆಗುತ್ತದೆ, ಕೆಲವರಿಗೆ ಬ್ರೈಟ್‌ನೆಸ್‌ನಲ್ಲಿ. ಎರಡು ಮಾನಿಟರ್ ಇಟ್ಟುಕೊಂಡವರಿಗೆ ಎಡಗಡೆಯದ್ದು ಬಲಗಡೆಗೆ ಬಂದು ಕೂತಿರುತ್ತದೆ.

ಹೀಗಾದಾಗ ಸುತ್ತಮುತ್ತಲಿನವರಿಂದ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಫಾರ್ಮ್ಯಾಟ್ ಮಾಡಿಬಿಡಿ." ದಯವಿಟ್ಟು ಅಷ್ಟು ಬೇಗ ಅದಕ್ಕೆ ಕೈಹಾಕಬೇಡಿ. ಅರ್ಧ ದಿನ ಹಾಳಾಗುತ್ತದೆ, ಫೈಲ್‌ಗಳು ಕಳೆದುಹೋಗುವ ಭಯ ಬೇರೆ, ಮತ್ತು ಜಾಸ್ತಿ ಸಲ ತೊಂದರೆ ಹಾಗೇ ಉಳಿಯುತ್ತದೆ. ವಿಂಡೋಸ್ ನಿಮ್ಮ ಸೆಟ್ಟಿಂಗನ್ನು ಬರೆದಿಟ್ಟುಕೊಳ್ಳದೇ ಬಿಡುವುದು ಬಹಳ ಅಪರೂಪ. ಬರೆದಿಟ್ಟ ಮೇಲೆ ಎರಡರಲ್ಲಿ ಒಂದು ನಡೆಯುತ್ತದೆ. ಒಂದೋ, ಬೇರೆ ಪ್ರೋಗ್ರಾಂ ಬಂದು ಅದರ ಮೇಲೆ ತನ್ನದನ್ನು ಬರೆಯುತ್ತದೆ. ಇಲ್ಲವೇ, ಇದ್ದ ಮಾನಿಟರೇ ವಿಂಡೋಸ್ ಕಣ್ಣಿಗೆ ಹೊಸ ಮಾನಿಟರ್ ಆಗಿ ಕಾಣುತ್ತದೆ. ಹೊಸದು ಅಂದಮೇಲೆ ಹಳೆಯ ಸೆಟ್ಟಿಂಗ್ ಯಾಕೆ ಹಾಕುತ್ತದೆ, ಅಲ್ವಾ?

ಹಾಗಾಗಿ ಮೊದಲು ಹಿಡಿಯಬೇಕಾದದ್ದು ಸೆಟ್ಟಿಂಗ್ ಹೋಗುವ ಹೊತ್ತು. ಅದು ಸಿಕ್ಕರೆ ಕಾರಣ ಅರ್ಧ ಸಿಕ್ಕಂತೆಯೇ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತದೆ. ಲಿನಕ್ಸ್ ಬಳಸುವವರಿಗೆ ಕೊನೆಯ ಹತ್ತಿರ ನಾಲ್ಕು ಮಾತಿದೆ.

ಹಂತ 1: ಯಾವಾಗ ಹೋಗುತ್ತದೆ ಎಂದು ಪತ್ತೆ ಮಾಡಿ

ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಸೆಟ್ಟಿಂಗ್ ನಿಮಗೆ ಬೇಕಾದಂತೆ ಇಡಿ. ಆಮೇಲೆ ಒಂದೊಂದೇ ಪರೀಕ್ಷೆ ಮಾಡುತ್ತಾ, ಪ್ರತಿಸಲ ಸೆಟ್ಟಿಂಗ್ ಉಳಿದಿದೆಯೇ ನೋಡಿ ಬರೆದುಕೊಳ್ಳಿ. ಕ್ರಮ ಹೀಗಿರಲಿ: ಮೊದಲು ಸೈನ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಆಮೇಲೆ ರೀಸ್ಟಾರ್ಟ್ ಮಾಡಿ. ನಂತರ ಪೂರ್ತಿ ಶಟ್ ಡೌನ್ ಮಾಡಿ ಆನ್ ಮಾಡಿ. ಆಮೇಲೆ ಸ್ಲೀಪ್‌ಗೆ ಹಾಕಿ ಎಬ್ಬಿಸಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಹಾಕಿ ನೋಡಿ. ಕೊನೆಗೆ ಕಂಪ್ಯೂಟರ್ ಚಾಲೂ ಇರುವಾಗಲೇ ಮಾನಿಟರ್ ಮಾತ್ರ ಆಫ್ ಮಾಡಿ ಆನ್ ಮಾಡಿ.

ಸೈನ್ ಔಟ್‌ಗೇ ಹೋದರೆ ಕಾರಣ ನಿಮ್ಮ ಖಾತೆಯಲ್ಲಿ ಇದೆ, ಇಲ್ಲವೇ ಲಾಗಿನ್ ಆದಕೂಡಲೇ ತೆರೆದುಕೊಳ್ಳುವ ಪ್ರೋಗ್ರಾಂನಲ್ಲಿದೆ. ರೀಸ್ಟಾರ್ಟ್‌ನಲ್ಲಿ ಉಳಿದು ಶಟ್ ಡೌನ್‌ನಲ್ಲಿ ಮಾತ್ರ ಹೋದರೆ ಫಾಸ್ಟ್ ಸ್ಟಾರ್ಟಪ್ (ಹಂತ 6) ಅಥವಾ ಮಾನಿಟರಿಗೆ ಕರೆಂಟ್ ಬರುವ ಕ್ರಮ (ಹಂತ 4) ಕಾರಣ. ಎರಡರಲ್ಲೂ ಹೋದರೆ ಡ್ರೈವರ್ (ಗ್ರಾಫಿಕ್ಸ್ ಚಿಪ್ ನಡೆಸುವ ಸಾಫ್ಟ್‌ವೇರ್) ಮೇಲೆ ಅನುಮಾನ ಜಾಸ್ತಿ. ಸ್ಲೀಪ್ ಆದಾಗ ಅಥವಾ ಮಾನಿಟರ್ ಆಫ್ ಮಾಡಿದಾಗ ಹೋದರೆ ಕೇಬಲ್ ಮತ್ತು ಪೋರ್ಟ್ ಕಡೆ ನೋಡಿ. ಚಾರ್ಜರ್ ತೆಗೆದಾಗ ಹೋದರೆ ಬ್ಯಾಟರಿ ಉಳಿಸುವ ಸೌಲಭ್ಯಗಳದ್ದೇ ಕೆಲಸ.

ಇನ್ನೊಂದು ಸುಳಿವೂ ಇದೆ. ವಿಂಡೋಸ್ ರೆಸಲ್ಯೂಶನ್ನನ್ನು ಇಡೀ ಕಂಪ್ಯೂಟರಿಗೆ ಸೇರಿದ ಜಾಗದಲ್ಲಿ ಬರೆದಿಡುತ್ತದೆ. ಸ್ಕೇಲಿಂಗ್, ವಾಲ್‌ಪೇಪರ್, ನೈಟ್ ಲೈಟ್ (ರಾತ್ರಿ ಪರದೆಯ ನೀಲಿ ಬೆಳಕು ತಗ್ಗಿಸುವ ಸೌಲಭ್ಯ) ಇವೆಲ್ಲ ಬಳಕೆದಾರರ ಖಾತೆಗೆ ಸೇರಿದವು. ರೆಸಲ್ಯೂಶನ್ ಗಟ್ಟಿಯಾಗಿ ನಿಂತು ಉಳಿದವು ಮಾತ್ರ ಹೋಗುತ್ತಿದ್ದರೆ ಡ್ರೈವರ್ ಕೆದಕುವುದು ಬೇಡ. ನೇರ ಹಂತ 8ಕ್ಕೆ ಹೋಗಿ.

ಹಂತ 2: ಎರಡು ನಿಮಿಷದಲ್ಲಿ ಮುಗಿಯುವ ಪರೀಕ್ಷೆಗಳು

ರೆಸಲ್ಯೂಶನ್ ಬದಲಿಸಿದ ಕೂಡಲೇ "ಕೀಪ್ ಚೇಂಜಸ್" ಎಂದು ಒಂದು ಚಿಕ್ಕ ಕಿಟಕಿ ಬರುತ್ತದೆ. 15 ಸೆಕೆಂಡ್ ಒಳಗೆ ಒತ್ತದಿದ್ದರೆ ವಿಂಡೋಸ್ ಹಳೆಯದಕ್ಕೇ ಮರಳುತ್ತದೆ. ಎರಡು ಮಾನಿಟರ್ ಇದ್ದರೆ ಈ ಕಿಟಕಿ ಕೆಲವೊಮ್ಮೆ ಇನ್ನೊಂದು ಪರದೆಯಲ್ಲಿ ತೆರೆದುಕೊಂಡಿರುತ್ತದೆ. ಆಫ್ ಆಗಿರುವ ಟಿವಿಯಲ್ಲೂ ಇರಬಹುದು. ನಿಮಗೆ ಕಾಣುವುದೇ ಇಲ್ಲ.

ವಿಂಡೋಸ್ ಕೀ ಜೊತೆ ಪಿ ಒತ್ತಿ. ಬಲಗಡೆ ನಾಲ್ಕು ಆಯ್ಕೆ ಬರುತ್ತವೆ. ಅಲ್ಲಿ "ಡುಪ್ಲಿಕೇಟ್" ಆಯ್ಕೆಯಾಗಿದ್ದರೆ ಎರಡೂ ಪರದೆಗೆ ಹೊಂದುವ ಒಂದು ರೆಸಲ್ಯೂಶನ್ನನ್ನು ವಿಂಡೋಸ್ ಹುಡುಕುತ್ತದೆ. ಒಂದು ಪರದೆ ಚಿಕ್ಕದಾಗಿದ್ದರೆ ದೊಡ್ಡದೂ ಅದರ ಮಟ್ಟಕ್ಕೇ ಇಳಿಯಬೇಕಾಗಬಹುದು. ಪ್ರೊಜೆಕ್ಟರ್ ಜೋಡಿಸುವ ಮೇಷ್ಟ್ರುಗಳಿಗೆ ಇದು ದಿನನಿತ್ಯದ ತಲೆನೋವು. "ಎಕ್ಸ್‌ಟೆಂಡ್" ಮಾಡಿದರೆ ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್ ಇಡಬಹುದು.

ಸ್ಕೇಲಿಂಗ್ ಬದಲಿಸಲು ಆಗುತ್ತಲೇ ಇಲ್ಲವೇ? ಹಿಂದೆ ಯಾರೋ ಕಸ್ಟಮ್ ಸ್ಕೇಲಿಂಗ್‌ನಲ್ಲಿ ಅಂಕಿ ಹಾಕಿಟ್ಟಿರಬಹುದು. ಹಾಗಾದಾಗ ಮಾಮೂಲಿ 100, 125, 150ರ ಪಟ್ಟಿ ಮಂಕಾಗಿ ಕಾಣುತ್ತದೆ. ಅಲ್ಲೇ "ಟರ್ನ್ ಆಫ್ ಕಸ್ಟಮ್ ಸ್ಕೇಲಿಂಗ್ ಅಂಡ್ ಸೈನ್ ಔಟ್" ಎಂದಿರುತ್ತದೆ. ಅದನ್ನು ಒತ್ತಿ.

ರೆಸಲ್ಯೂಶನ್ ಪಟ್ಟಿಯಲ್ಲಿ "ರೆಕಮೆಂಡೆಡ್" ಎಂದು ಬರೆದಿರುವುದನ್ನೇ ಆರಿಸಿ. ಎಲ್‌ಸಿಡಿ ಪರದೆಗೆ ಹುಟ್ಟಿನಿಂದ ಬಂದ ಒಂದೇ ರೆಸಲ್ಯೂಶನ್ ಇರುತ್ತದೆ. ಬೇರೆ ಯಾವುದನ್ನಿಟ್ಟರೂ ಚಿತ್ರವನ್ನು ಹಿಗ್ಗಿಸಿ ತೋರಿಸಬೇಕಾಗುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಚಿಕ್ಕ ಅಕ್ಷರದಲ್ಲಿ "ಲಕ್ಷ್ಮಿ", "ಸ್ವಾತಂತ್ರ್ಯ" ಎಂದು ಟೈಪ್ ಮಾಡಿ ನೋಡಿ. ಒತ್ತಕ್ಷರಗಳು ಒಂದಕ್ಕೊಂದು ಕಲೆಸಿಕೊಂಡು ಮಸಿಯಂತೆ ಕಂಡರೆ ಪರದೆ ತನ್ನ ನಿಜವಾದ ರೆಸಲ್ಯೂಶನ್‌ನಲ್ಲಿ ಇಲ್ಲ ಎಂದೇ ತಿಳಿಯಿರಿ.

ಹಂತ 3: ಡ್ರೈವರ್ ನೋಡಿ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ "ಡಿವೈಸ್ ಮ್ಯಾನೇಜರ್" ತೆರೆಯಿರಿ. "ಡಿಸ್‌ಪ್ಲೇ ಅಡಾಪ್ಟರ್ಸ್" ಬಿಚ್ಚಿ. ಅಲ್ಲಿ ಇಂಟೆಲ್, ಎಎಂಡಿ, ಎನ್‌ವಿಡಿಯಾ ಇವುಗಳಲ್ಲಿ ಒಂದರ ಹೆಸರು ಇರಬೇಕು. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿದ್ದರೆ ನಿಮ್ಮ ಗ್ರಾಫಿಕ್ಸ್ ಡ್ರೈವರ್ ಇಲ್ಲ, ಅಥವಾ ಕೆಲಸ ಮಾಡುತ್ತಿಲ್ಲ. ಇದು ವಿಂಡೋಸ್ ಬೇರೆ ಗತಿಯಿಲ್ಲದೆ ಹಾಕಿಕೊಳ್ಳುವ ತಾತ್ಕಾಲಿಕ ಡ್ರೈವರ್. ಇದರಲ್ಲಿ ರೆಸಲ್ಯೂಶನ್ ಆಯ್ಕೆಗಳು ಕಡಿಮೆ, ಲ್ಯಾಪ್‌ಟಾಪ್‌ನ ಬ್ರೈಟ್‌ನೆಸ್ ಬಟನ್ ಸಾಮಾನ್ಯವಾಗಿ ನಡೆಯುವುದಿಲ್ಲ, ನೈಟ್ ಲೈಟ್ ಕೂಡ ಸಿಗುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಡ್ರೈವರನ್ನು ಮೊದಲು ಅದರ ತಯಾರಕರ ತಾಣದಿಂದಲೇ ಇಳಿಸಿ, ಮಾಡೆಲ್ ಸಂಖ್ಯೆ ಸರಿಯಾಗಿ ಹಾಕಿ. ತಯಾರಕರು ತಮ್ಮ ಪರದೆಗೆ ತಕ್ಕಂತೆ ಡ್ರೈವರನ್ನು ತುಸು ಬದಲಿಸಿರುವುದುಂಟು. ಡೆಸ್ಕ್‌ಟಾಪ್ ಆದರೆ ಚಿಪ್ ಮಾಡಿದ ಕಂಪನಿಯ ತಾಣ ಸಾಕು. ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಬಿಟ್ಟಿ ಸಾಫ್ಟ್‌ವೇರ್‌ಗಳ ತಂಟೆಗೇ ಹೋಗಬೇಡಿ. ಅವು ತರುವ ಹೊಸ ತೊಂದರೆ ಹಳೆಯದಕ್ಕಿಂತ ದೊಡ್ಡದು.

ನಿನ್ನೆ ಮೊನ್ನೆಯವರೆಗೆ ಎಲ್ಲ ಸರಿಯಿದ್ದು, ಅಪ್‌ಡೇಟ್ ಆದಮೇಲೆ ಶುರುವಾಗಿದ್ದರೆ ಹಿಂದಿನ ಡ್ರೈವರಿಗೆ ಮರಳಿ. ಅಡಾಪ್ಟರ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, "ಡ್ರೈವರ್" ಟ್ಯಾಬ್‌ನಲ್ಲಿ "ರೋಲ್ ಬ್ಯಾಕ್ ಡ್ರೈವರ್" ಒತ್ತಿ. ಆ ಬಟನ್ ಮಂಕಾಗಿದ್ದರೆ ಹಿಂದಿನ ಪ್ರತಿ ಕಂಪ್ಯೂಟರಿನಲ್ಲಿ ಉಳಿದಿಲ್ಲ ಎಂದರ್ಥ. ಆಗ ಹಳೆಯ ಆವೃತ್ತಿಯನ್ನು ಕೈಯಾರೆ ಇಳಿಸಿ ಹಾಕಬೇಕು.

ಕೆಲವರ ಕಷ್ಟ ಬೇರೆ. ಸರಿಯಾದ ಡ್ರೈವರ್ ಹಾಕುತ್ತಾರೆ, ವಿಂಡೋಸ್ ಅಪ್‌ಡೇಟ್ ತನ್ನದನ್ನು ತಂದು ಮತ್ತೆ ಅದರ ಮೇಲೆ ಹಾಕುತ್ತದೆ. ಇದು ನಡೆಯುತ್ತಿದ್ದರೆ ಸೆಟ್ಟಿಂಗ್ ದಿನಾ ಹೋಗುವುದಿಲ್ಲ, ಆಗೊಮ್ಮೆ ಈಗೊಮ್ಮೆ, ಅಪ್‌ಡೇಟ್ ಬಂದ ದಿನ ಹೋಗುತ್ತದೆ. ಸ್ಟಾರ್ಟ್ ಮೆನುವಿನಲ್ಲಿ "ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್" ಎಂದು ಹುಡುಕಿ, "ನೋ" ಆರಿಸಿ ಉಳಿಸಿ. ಇದು ಕೆಲಸ ಮಾಡದಿದ್ದರೆ ಡಿಡಿಯು ಎಂಬ ಬಿಟ್ಟಿ ಉಪಕರಣವಿದೆ, ಪೂರ್ತಿ ಹೆಸರು ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಹೊಸ ಡ್ರೈವರ್ ಫೈಲನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಇಂಟರ್‌ನೆಟ್ ಕಿತ್ತುಹಾಕಿ. ಸೇಫ್ ಮೋಡ್‌ನಲ್ಲಿ (ವಿಂಡೋಸ್ ಅತ್ಯಗತ್ಯ ಭಾಗಗಳಿಂದಷ್ಟೇ ಏಳುವ ಸ್ಥಿತಿ) ಡಿಡಿಯು ಓಡಿಸಿ ಹಳೆಯ ಡ್ರೈವರಿನ ಚೂರುಪಾರೆಲ್ಲ ತೆಗೆಯಿರಿ. ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ, ಆಮೇಲಷ್ಟೇ ಇಂಟರ್‌ನೆಟ್ ಜೋಡಿಸಿ. ಇಂಟರ್‌ನೆಟ್ ಕೀಳದೇ ಮಾಡಿದರೆ ನೀವು ಹೊಸದನ್ನು ಹಾಕುವ ಮೊದಲೇ ವಿಂಡೋಸ್ ತನ್ನದನ್ನು ತಂದು ಕೂರಿಸುತ್ತದೆ, ಪಟ್ಟ ಪಾಡೆಲ್ಲ ವ್ಯರ್ಥ.

ಹಂತ 4: ಮಾನಿಟರ್ ತಾನು ಯಾರೆಂದು ಹೇಳುತ್ತಿದೆಯೇ?

ಬಹಳ ಜನ ನೋಡದೇ ಬಿಡುವ ಜಾಗ ಇದು. ನನ್ನ ಪ್ರಕಾರ ಡೆಸ್ಕ್‌ಟಾಪ್ ಬಳಸುವವರು ಮೊದಲು ನೋಡಬೇಕಾದದ್ದೂ ಇದೇ.

ಪ್ರತಿ ಮಾನಿಟರಿನೊಳಗೆ ಒಂದು ಚಿಕ್ಕ ಮೆಮೊರಿ ಚಿಪ್ ಇರುತ್ತದೆ. ಅದರಲ್ಲಿ ಇಡಿಐಡಿ ಎಂಬ ಮಾಹಿತಿ ಇರುತ್ತದೆ. ಮೂಲ ಭಾಗ ಬರೀ 128 ಬೈಟ್. ತಯಾರಕರ ಮೂರಕ್ಷರದ ಸಂಕೇತ, ಮಾಡೆಲ್, ಸೀರಿಯಲ್ ನಂಬರ್, ತಯಾರಾದ ವರ್ಷ, ಯಾವ ಯಾವ ರೆಸಲ್ಯೂಶನ್ ತಾಳಿಕೊಳ್ಳುತ್ತದೆ ಎಂಬುದೆಲ್ಲ ಅದರಲ್ಲೇ. ಕೇಬಲ್ ಜೋಡಿಸಿದಾಗ ಕಂಪ್ಯೂಟರ್ ಅದನ್ನು ಓದುತ್ತದೆ. "ಓ, ಇದು ಆ ಮಾನಿಟರ್" ಎಂದು ಗುರುತು ಹಿಡಿದು, ಅದಕ್ಕೆಂದೇ ಬರೆದಿಟ್ಟ ಸೆಟ್ಟಿಂಗ್ ಹಾಕುತ್ತದೆ. ಓದಲು ಆಗದಿದ್ದರೆ ಎದುರಿಗೆ ಯಾರಿದ್ದಾರೆಂದೇ ಗೊತ್ತಾಗುವುದಿಲ್ಲ. ಆಗ ಯಾವ ಪರದೆಗಾದರೂ ನಡೆಯುವ 1024×768ರಂಥ ಸುರಕ್ಷಿತ ರೆಸಲ್ಯೂಶನ್‌ಗೆ ಇಳಿಯುತ್ತದೆ.

ನಿಮ್ಮಲ್ಲಿ ಇದೇ ಆಗುತ್ತಿದೆಯೇ ತಿಳಿಯುವುದು ಸುಲಭ. ಸೆಟ್ಟಿಂಗ್ ಹೋಗಿರುವಾಗಲೇ, ಸರಿಮಾಡುವ ಮೊದಲು, ಡಿವೈಸ್ ಮ್ಯಾನೇಜರ್‌ನಲ್ಲಿ "ಮಾನಿಟರ್ಸ್" ಬಿಚ್ಚಿ. "ಜೆನೆರಿಕ್ ಪಿಎನ್‌ಪಿ ಮಾನಿಟರ್" ಎಂದಿದ್ದರೆ ಚಿಂತೆಯಿಲ್ಲ, ಮಾಹಿತಿ ಓದಲಾಗಿದೆ. "ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್" ಎಂದಿದ್ದರೆ ಓದಲು ಆಗಿಲ್ಲ. ಆ "ನಾನ್" ಕಂಡರೆ ಸಾಫ್ಟ್‌ವೇರ್ ಬಿಟ್ಟು ತಂತಿ ಹಿಡಿಯಿರಿ.

ಹಳೆಯ ನೀಲಿ ವಿಜಿಎ ಕೇಬಲ್ ಬಿಚ್ಚಿ ಅದರ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಐದೈದರಂತೆ ಮೂರು ಸಾಲು, ಒಟ್ಟು 15 ಪಿನ್‌ಗಳ ಜಾಗ. ಬಣ್ಣಗಳು ಹೋಗುವುದು 1, 2, 3ರಲ್ಲಿ. ಮಾನಿಟರಿನ ಗುರುತು ಬರುವುದು 12 ಮತ್ತು 15ರಲ್ಲಿ. ಅಂದರೆ ಮೂರನೇ ಸಾಲಿನ ಎರಡನೆಯದು ಮತ್ತು ಕೊನೆಯದು. 9ನೇ ಪಿನ್ ಇಲ್ಲದ ಕೇಬಲ್‌ಗಳು ಮಾಮೂಲು, ಅದನ್ನು ನೋಡಿ ಗಾಬರಿ ಬೇಡ. ಆದರೆ 12 ಅಥವಾ 15 ಬಾಗಿದ್ದರೆ, ಮುರಿದಿದ್ದರೆ, ಅಥವಾ ಅಗ್ಗದ ಕೇಬಲ್‌ನಲ್ಲಿ ಒಳಗೆ ತಂತಿಯನ್ನೇ ಎಳೆದಿಲ್ಲದಿದ್ದರೆ ಚಿತ್ರವೇನೋ ಚೆನ್ನಾಗಿಯೇ ಬರುತ್ತದೆ, ಗುರುತು ಮಾತ್ರ ಬರುವುದಿಲ್ಲ. ಚಿತ್ರ ಬರುತ್ತಿದೆಯಲ್ಲ, ಕೇಬಲ್ ಸರಿಯಿದೆ ಎಂದು ಎಲ್ಲರೂ ಅಲ್ಲೇ ತಪ್ಪುವುದು.

ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್‌ಗಳು, ಒಂದು ಸಿಗ್ನಲ್ಲನ್ನು ಎರಡು ಟಿವಿಗೆ ಹಂಚುವ ಸ್ಪ್ಲಿಟರ್‌ಗಳು, ಒಂದು ಮಾನಿಟರಿಗೆ ಎರಡು ಕಂಪ್ಯೂಟರ್ ಜೋಡಿಸುವ ಕೆವಿಎಂ ಸ್ವಿಚ್‌ಗಳು, ಇವೆಲ್ಲ ಮಧ್ಯದಲ್ಲಿ ಕೂತು ಇಡಿಐಡಿಯನ್ನು ತಡೆಯಬಹುದು, ಇಲ್ಲವೇ ತಮ್ಮದೇ ಇಡಿಐಡಿ ತೋರಿಸಬಹುದು. ಪರೀಕ್ಷೆಗೆ ಅವನ್ನೆಲ್ಲ ತೆಗೆದು ಒಂದೇ ಕೇಬಲ್‌ನಲ್ಲಿ ನೇರ ಜೋಡಿಸಿ ಎರಡು ದಿನ ಬಳಸಿ. ಸರಿಹೋದರೆ ಕಳ್ಳ ಯಾರೆಂದು ಗೊತ್ತಾಯಿತಲ್ಲ.

ನಮ್ಮ ಅಂಗಡಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ತುಂಬ ಕಾಣುವ ಜೋಡಣೆಯೊಂದಿದೆ. ಸಿಪಿಯುಗೆ ಯುಪಿಎಸ್ ಕರೆಂಟ್, ಮಾನಿಟರಿಗೆ ಗೋಡೆಯ ಬೋರ್ಡಿನ ಕರೆಂಟ್, ಮಧ್ಯೆ ಒಂದು ಕನ್ವರ್ಟರ್. ಕರೆಂಟ್ ಹೋದರೆ ಮಾನಿಟರ್ ಸಾಯುತ್ತದೆ, ಸಿಪಿಯು ಬದುಕಿರುತ್ತದೆ. ಕರೆಂಟ್ ಮರಳಿದಾಗ ಕನ್ವರ್ಟರ್ ಗುರುತನ್ನು ಸರಿಯಾಗಿ ದಾಟಿಸದೇ ಇದ್ದರೆ ಪರದೆ ದಪ್ಪ ಅಕ್ಷರಗಳೊಂದಿಗೆ ಬರುತ್ತದೆ. ಬೆಳಗ್ಗೆ ಮೊದಲು ಸಿಪಿಯು ಒತ್ತಿ, ಅದು ಪೂರ್ತಿ ಏಳುವ ಹೊತ್ತಿಗೆ ಮಾನಿಟರಿನ ಸ್ವಿಚ್ ಹಾಕುವ ಅಭ್ಯಾಸದಿಂದಲೂ ಕೆಲವು ಮಾನಿಟರ್‌ಗಳಲ್ಲಿ ಇದೇ ಆಗುತ್ತದೆ. ಮಾನಿಟರನ್ನೂ ಯುಪಿಎಸ್‌ಗೆ ಹಾಕಿ, ಮೊದಲು ಮಾನಿಟರ್ ಆನ್ ಮಾಡಿ ಆಮೇಲೆ ಸಿಪಿಯು ಒತ್ತಿ. ಎರಡೂ ಕಡೆ ಎಚ್‌ಡಿಎಂಐ ಇದ್ದರೆ ಕನ್ವರ್ಟರ್ ಕಿತ್ತು ನೇರ ಎಚ್‌ಡಿಎಂಐ ಕೇಬಲ್ ಹಾಕಿ. ಎಷ್ಟೋ ಕಡೆ ಇಷ್ಟಕ್ಕೇ ಕೆಲಸ ಮುಗಿಯುತ್ತದೆ.

ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ) ನಿಲ್ಲದವರಿಗೂ ಇಲ್ಲೇ ಉತ್ತರ ಇರಬಹುದು. 4ಕೆ ಪರದೆ 30 ಹರ್ಟ್ಸ್‌ಗೇ ಮರಳುತ್ತಿದ್ದರೆ ದಾರಿಯಲ್ಲಿ ಎಲ್ಲೋ ಎಚ್‌ಡಿಎಂಐ 1.4 ಇದೆ, ಅದರ ಮಿತಿಯೇ ಅಷ್ಟು. 60 ಹರ್ಟ್ಸ್ ಬೇಕೆಂದರೆ ಕಂಪ್ಯೂಟರಿನ ಪೋರ್ಟ್, ಕೇಬಲ್, ಮಾನಿಟರಿನ ಪೋರ್ಟ್ ಮೂರೂ 2.0 ಅಥವಾ ಮೇಲಿನ ಮಟ್ಟದ್ದಾಗಿರಬೇಕು. ಮೂರರಲ್ಲಿ ಒಂದು ಹಳೆಯದಾದರೂ ಎಲ್ಲವೂ ಹಳೆಯದೇ.

ಹಂತ 5: ವಿಂಡೋಸ್‌ನ ಹಳೆಯ ದಾಖಲೆ ಅಳಿಸಿ

ಡ್ರೈವರ್, ಕೇಬಲ್ ಎರಡೂ ಸರಿಯಿದ್ದು ಇನ್ನೂ ತೊಂದರೆ ಇದ್ದರೆ ಇದಕ್ಕೆ ಕೈಹಾಕಿ. ವಿಂಡೋಸ್ ತಾನು ಕಂಡ ಪ್ರತಿ ಮಾನಿಟರಿಗೂ, ಮಾನಿಟರ್‌ಗಳ ಪ್ರತಿ ಜೋಡಿಗೂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಒಂದೊಂದು ದಾಖಲೆ ಇಡುತ್ತದೆ. ವರ್ಷಗಟ್ಟಲೆ ಬೇರೆ ಬೇರೆ ಟಿವಿ, ಪ್ರೊಜೆಕ್ಟರ್ ಜೋಡಿಸಿದ ಲ್ಯಾಪ್‌ಟಾಪ್‌ನಲ್ಲಿ ಇವು ರಾಶಿ ಬಿದ್ದಿರುತ್ತವೆ.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ರೆಜೆಡಿಟ್ (regedit) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಎಡಗಡೆ ಈ ದಾರಿಯಲ್ಲಿ ಇಳಿಯಿರಿ: ಎಚ್‌ಕೀ ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಗ್ರಾಫಿಕ್ಸ್‌ಡ್ರೈವರ್ಸ್. ಅದರೊಳಗೆ ಕಾನ್ಫಿಗರೇಶನ್, ಕನೆಕ್ಟಿವಿಟಿ, ಸ್ಕೇಲ್‌ಫ್ಯಾಕ್ಟರ್ಸ್ ಎಂಬ ಮೂರು ಕೀಗಳು (ಫೋಲ್ಡರ್‌ನಂತೆ ಕಾಣುವವು) ಇರುತ್ತವೆ.

ಅಳಿಸುವ ಮೊದಲು ಕಾನ್ಫಿಗರೇಶನ್ ಬಿಚ್ಚಿ ಒಮ್ಮೆ ಓದಿ. ಒಳಗಿನ ಉದ್ದುದ್ದ ಹೆಸರುಗಳು ಮಾನಿಟರ್ ಸಂಕೇತದಿಂದ ಶುರುವಾಗುತ್ತವೆ. ಡೆಲ್ ಆದರೆ ಡಿಇಎಲ್, ಸ್ಯಾಮ್‌ಸಂಗ್ ಆದರೆ ಎಸ್‌ಎಎಂ, ಎಲ್‌ಜಿ ಆದರೆ ಜಿಎಸ್‌ಎಂ, ಆ ಕಂಪನಿಯ ಹಳೆಯ ಗೋಲ್ಡ್‌ಸ್ಟಾರ್ ಹೆಸರಿನಿಂದ ಬಂದದ್ದು. ಇವುಗಳ ನಡುವೆ "ನೋಇಡಿಐಡಿ" ಎಂಬ ಹೆಸರು ಕಂಡರೆ, ಯಾವಾಗಲೋ ಮಾನಿಟರಿನ ಗುರುತು ಸಿಗದೇ ಹೋಗಿತ್ತು ಎಂದು ವಿಂಡೋಸೇ ಬರೆದುಕೊಟ್ಟಂತೆ. "ಎಂಎಸ್‌ಬಿಡಿಡಿ" ಕಂಡರೆ ಆ ಹೊತ್ತಿನಲ್ಲಿ ಬೇಸಿಕ್ ಡಿಸ್‌ಪ್ಲೇ ಡ್ರೈವರ್ ನಡೆಯುತ್ತಿತ್ತು. ಹಂತ 3 ಅಥವಾ 4ರಲ್ಲಿ ಅನುಮಾನ ಉಳಿದಿದ್ದರೆ ಇಲ್ಲಿ ಬಗೆಹರಿಯುತ್ತದೆ.

ಈಗ ಗ್ರಾಫಿಕ್ಸ್‌ಡ್ರೈವರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ "ಎಕ್ಸ್‌ಪೋರ್ಟ್" ಒತ್ತಿ, ಒಂದು ಪ್ರತಿಯನ್ನು ಬೇರೆ ಕಡೆ ಉಳಿಸಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಆಮೇಲೆ ಆ ಮೂರು ಕೀಗಳನ್ನು ಮಾತ್ರ ಅಳಿಸಿ. ಪಕ್ಕದ ಬೇರೆ ಯಾವುದನ್ನೂ ಮುಟ್ಟಬೇಡಿ. ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅವನ್ನು ಹೊಸದಾಗಿ ಬರೆಯುತ್ತದೆ. ಮೊದಲ ಸಲ ಪರದೆ ವಿಚಿತ್ರವಾಗಿ ಕಾಣಬಹುದು. ಬೇಕಾದಂತೆ ಸರಿಮಾಡಿ ಇನ್ನೊಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಹಂತ 6: ಶಟ್ ಡೌನ್ ಮಾಡಿದಾಗ ಮಾತ್ರ ಹೋಗುತ್ತಿದ್ದರೆ

ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬುದು ಬಂದಿದೆ. ಇದು ಆನ್ ಇದ್ದರೆ ಶಟ್ ಡೌನ್ ಪೂರ್ತಿ ಶಟ್ ಡೌನ್ ಅಲ್ಲ. ವಿಂಡೋಸ್‌ನ ಒಳಭಾಗ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು, ಮುಂದಿನ ಸಲ ಅಲ್ಲಿಂದಲೇ ಏಳುತ್ತದೆ. ಡ್ರೈವರ್ ಕೆಟ್ಟ ಸ್ಥಿತಿಯಲ್ಲಿದ್ದರೆ ಆ ಕೆಟ್ಟ ಸ್ಥಿತಿಯೇ ದಿನಾ ಎದ್ದು ಬರುತ್ತದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಹೊಸದಾಗಿ ಶುರುಮಾಡುತ್ತದೆ. ಹೆಲ್ಪ್‌ಲೈನ್‌ನವರು ಎಲ್ಲದಕ್ಕೂ "ರೀಸ್ಟಾರ್ಟ್ ಮಾಡಿ" ಎನ್ನುವುದಕ್ಕೆ ಇದೂ ಒಂದು ಕಾರಣ.

ಒಮ್ಮೆ ಪರೀಕ್ಷಿಸಲು ಶಿಫ್ಟ್ ಕೀ ಒತ್ತಿಹಿಡಿದು ಶಟ್ ಡೌನ್ ಮಾಡಿ. ಸೆಟ್ಟಿಂಗ್ ಉಳಿದರೆ ಶಾಶ್ವತವಾಗಿ ಆಫ್ ಮಾಡಿ: ಕಂಟ್ರೋಲ್ ಪ್ಯಾನೆಲ್, "ಪವರ್ ಆಪ್ಶನ್ಸ್", "ಚೂಸ್ ವಾಟ್ ದ ಪವರ್ ಬಟನ್ಸ್ ಡು", ಅಲ್ಲಿ "ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್" ಒತ್ತಿದ ಮೇಲೆ ಕೆಳಗೆ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಎಸ್‌ಎಸ್‌ಡಿ ಇದ್ದರೆ ಇದರಿಂದ ಆಗುವ ನಿಧಾನ ಗೊತ್ತೂ ಆಗುವುದಿಲ್ಲ.

ಕರೆಂಟ್ ಹೋಗುವ ಊರಿನವರು ಇನ್ನೊಂದು ವಿಷಯ ತಿಳಿದಿರಬೇಕು. ನೀವು ಬದಲಾಯಿಸಿದ ಸೆಟ್ಟಿಂಗ್ ಮೊದಲು ಮೆಮೊರಿಯಲ್ಲಿರುತ್ತದೆ, ಡಿಸ್ಕ್‌ಗೆ ಬರೆಯುವುದು ಸ್ವಲ್ಪ ತಡವಾಗಿ. ಬದಲಾಯಿಸಿದ ಕೂಡಲೇ ಕರೆಂಟ್ ಹೋದರೆ, ಇಲ್ಲವೇ ಸ್ವಿಚ್ ಬೋರ್ಡಿನಲ್ಲೇ ಆಫ್ ಮಾಡಿದರೆ ಅದು ಡಿಸ್ಕ್ ಸೇರದೇ ಹೋಗಬಹುದು. ಸೆಟ್ಟಿಂಗ್ ಬದಲಿಸಿದ ಮೇಲೆ ಒಮ್ಮೆ ಸರಿಯಾಗಿ ರೀಸ್ಟಾರ್ಟ್ ಮಾಡಿಬಿಡಿ, ಗಟ್ಟಿಯಾಗುತ್ತದೆ.

ಬೆಳಗ್ಗೆ ಆನ್ ಮಾಡಿದಾಗ ತಾರೀಕು, ಟೈಮ್ ಕೂಡ ತಪ್ಪಾಗಿದೆಯೇ? ಮದರ್‌ಬೋರ್ಡ್ ಮೇಲಿನ ಬಟನ್ ಬ್ಯಾಟರಿ ಮುಗಿದಿದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು 3 ವೋಲ್ಟ್‌ನ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತರೆ ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡ್ ಸಾಫ್ಟ್‌ವೇರ್) ಸೆಟ್ಟಿಂಗ್‌ಗಳು ಮೂಲಕ್ಕೆ ಮರಳಬಹುದು. ಮೊದಲು ಯಾವ ಗ್ರಾಫಿಕ್ಸ್ ಬಳಸಬೇಕು ಎಂಬುದೂ ಅದರಲ್ಲಿ ಸೇರಿರುವುದರಿಂದ ಎರಡು ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಮಾನಿಟರ್‌ಗಳ ಜೋಡಣೆಯೇ ಬದಲಾಗಬಹುದು.

ಹಂತ 7: ಬ್ರೈಟ್‌ನೆಸ್, ಬಣ್ಣ, ಎರಡು ಮಾನಿಟರ್

ಬ್ರೈಟ್‌ನೆಸ್ ತಾನಾಗೇ ಏರಿಳಿಯುತ್ತಿದ್ದರೆ "ಸೆಟ್ಟಿಂಗ್ಸ್", "ಸಿಸ್ಟಮ್", "ಡಿಸ್‌ಪ್ಲೇ"ನಲ್ಲಿ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿ. ಕೋಣೆಯ ಬೆಳಕಿಗೆ ತಕ್ಕಂತೆ ಬದಲಿಸುವ ಆಯ್ಕೆ, ತೆರೆಯಲ್ಲಿರುವ ಚಿತ್ರಕ್ಕೆ ತಕ್ಕಂತೆ ಬದಲಿಸುವ ಆಯ್ಕೆ, ಎರಡನ್ನೂ ಆಫ್ ಮಾಡಿ. ಬ್ಯಾಟರಿ ಸೇವರ್‌ನಲ್ಲೂ ಬ್ರೈಟ್‌ನೆಸ್ ಇಳಿಸುವ ಒಂದು ಟಿಕ್ ಇದೆ. ಇಷ್ಟಾದರೂ ನಿಲ್ಲದಿದ್ದರೆ ಗ್ರಾಫಿಕ್ಸ್ ಡ್ರೈವರಿನ ಸ್ವಂತ ಆ್ಯಪ್ ತೆರೆಯಿರಿ. ಎಎಂಡಿಯಲ್ಲಿ ವೇರಿ-ಬ್ರೈಟ್, ಇಂಟೆಲ್‌ನಲ್ಲಿ ಡಿಸ್‌ಪ್ಲೇ ಪವರ್ ಸೇವಿಂಗ್ ಎಂಬುದು ವಿಂಡೋಸನ್ನು ಕೇಳದೇ ಕೆಲಸ ಮಾಡುತ್ತದೆ. ಬ್ಯಾಟರಿಗೆ ಬಂದಾಗ ರಿಫ್ರೆಶ್ ರೇಟ್ 144ರಿಂದ 60ಕ್ಕೆ ಇಳಿಯುತ್ತಿದ್ದರೂ ಇಲ್ಲೇ ಅಥವಾ ಲ್ಯಾಪ್‌ಟಾಪ್ ತಯಾರಕರ ಆ್ಯಪ್‌ನಲ್ಲೇ ಹುಡುಕಿ. ಡೆಸ್ಕ್‌ಟಾಪ್ ಮಾನಿಟರ್ ಆದರೆ ಅದರ ಮೈಮೇಲಿನ ಬಟನ್ ಒತ್ತಿ ಬರುವ ಮೆನುವಿನಲ್ಲಿ ಇಕೋ, ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಮಾಡಿ. ಆ ಸೆಟ್ಟಿಂಗ್ ಇರುವುದು ಮಾನಿಟರಿನ ಒಳಗೆ, ವಿಂಡೋಸ್‌ಗೆ ಅದರ ಗಂಧವೂ ಇಲ್ಲ.

ಬಣ್ಣ ಹೊಂದಿಸಿ ಇಟ್ಟದ್ದು ಸ್ಲೀಪ್ ಅಥವಾ ಗೇಮ್ ಆದಮೇಲೆ ಹೋಗುತ್ತಿದೆಯೇ? "ಕಲರ್ ಮ್ಯಾನೇಜ್‌ಮೆಂಟ್" ತೆರೆದು "ಅಡ್ವಾನ್ಸ್ಡ್" ಟ್ಯಾಬ್, "ಚೇಂಜ್ ಸಿಸ್ಟಮ್ ಡಿಫಾಲ್ಟ್ಸ್", ಮತ್ತೆ "ಅಡ್ವಾನ್ಸ್ಡ್", ಅಲ್ಲಿ "ಯೂಸ್ ವಿಂಡೋಸ್ ಡಿಸ್‌ಪ್ಲೇ ಕ್ಯಾಲಿಬ್ರೇಶನ್" ಟಿಕ್ ಹಾಕಿ. ಬಣ್ಣ ಬದಲಿಸುವ ಎರಡು ಆ್ಯಪ್ ಒಟ್ಟಿಗೆ ಇಟ್ಟುಕೊಳ್ಳಬೇಡಿ, ಅವು ಒಂದರ ಮೇಲೊಂದು ಬರೆಯುತ್ತಲೇ ಇರುತ್ತವೆ.

ಎರಡು ಮಾನಿಟರ್ ಇದ್ದು, ಸ್ಲೀಪ್‌ನಿಂದ ಎದ್ದಾಗ ಕಿಟಕಿಗಳೆಲ್ಲ ಒಂದೇ ಪರದೆಗೆ ಬಂದು ಗುಡ್ಡೆ ಬಿದ್ದಿದ್ದರೆ ಅದಕ್ಕೆ ಕಾರಣ ಜಾಸ್ತಿ ಸಲ ಡಿಸ್‌ಪ್ಲೇಪೋರ್ಟ್. ಕೆಲವು ಮಾನಿಟರ್‌ಗಳು ಮಲಗುವಾಗ "ನಾನಿದ್ದೇನೆ" ಎಂದು ಹೇಳುವ ತಂತಿಯ ಸಿಗ್ನಲ್ಲನ್ನೂ ನಿಲ್ಲಿಸಿಬಿಡುತ್ತವೆ. ಕಂಪ್ಯೂಟರಿಗೆ ಅದು ಕೇಬಲ್ ಕಿತ್ತಂತೆಯೇ. ವಿಂಡೋಸ್ 11ರಲ್ಲಿ ಡಿಸ್‌ಪ್ಲೇ ಪುಟದ "ಮಲ್ಟಿಪಲ್ ಡಿಸ್‌ಪ್ಲೇಸ್" ಒಳಗೆ ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ಕಿಟಕಿಗಳ ಜಾಗ ನೆನಪಿಡುವ ಟಿಕ್ ಇದೆ, ಹಾಕಿ. ಮಾನಿಟರ್ ಮೆನುವಿನಲ್ಲಿ ಡೀಪ್ ಸ್ಲೀಪ್, ಆಟೋ ಇನ್‌ಪುಟ್ ಎಂಬವು ಇದ್ದರೆ ಆಫ್ ಮಾಡಿ. ಒಂದೇ ಪೋರ್ಟ್‌ಗೆ ಒಂದೇ ಮಾನಿಟರ್ ಎಂದು ಗೊತ್ತುಮಾಡಿಕೊಂಡು ಕೇಬಲ್‌ಗೆ ಚೀಟಿ ಅಂಟಿಸಿ. ಪೋರ್ಟ್ ಅದಲುಬದಲಾದರೆ ವಿಂಡೋಸ್‌ನ ಲೆಕ್ಕವೂ ಅದಲುಬದಲಾಗಬಹುದು.

ಹಂತ 8: ಖಾತೆ, ಸ್ಟಾರ್ಟಪ್ ಪ್ರೋಗ್ರಾಂ, ಬೀಗ ಹಾಕಿದ ಯಂತ್ರ

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಒಂದೇ ಒಂದು ಚುಕ್ಕೆ ಹಾಕಿ ಎಂಟರ್ ಮಾಡಿ. ನಿಮ್ಮ ಖಾತೆಯ ಫೋಲ್ಡರ್ ತೆರೆಯುತ್ತದೆ. ಅದರ ಹೆಸರು "ಟೆಂಪ್" ಎಂದಿದ್ದರೆ ವಿಂಡೋಸ್ ನಿಮ್ಮನ್ನು ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಕೂರಿಸಿದೆ. ಸೈನ್ ಔಟ್ ಆದಕೂಡಲೇ ಅದರಲ್ಲಿದ್ದದ್ದೆಲ್ಲ ಅಳಿಯುತ್ತದೆ. ಅಲ್ಲಿ ಉಳಿಸಿದ ಫೈಲ್‌ಗಳೂ ಹೋಗುತ್ತವೆ, ಮೊದಲು ಅವನ್ನು ಬೇರೆ ಡ್ರೈವ್‌ಗೆ ಹಾಕಿಕೊಳ್ಳಿ. ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ನಿಜವಾದ ಖಾತೆ ಮರಳುತ್ತದೆ. ಮರಳದಿದ್ದರೆ ಹೊಸ ಖಾತೆ ಮಾಡಿ ಫೈಲ್‌ಗಳನ್ನು ಸಾಗಿಸುವುದೇ ಚೊಕ್ಕ ದಾರಿ.

ಖಾತೆ ಸರಿಯಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ "ಸ್ಟಾರ್ಟಪ್ ಆ್ಯಪ್ಸ್" ನೋಡಿ. ಅರ್ಧದಷ್ಟನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿ. ಸೆಟ್ಟಿಂಗ್ ಉಳಿದರೆ ಕಾರಣ ಆ ಅರ್ಧದಲ್ಲಿದೆ, ಇಲ್ಲದಿದ್ದರೆ ಇನ್ನರ್ಧದಲ್ಲಿ. ಹೀಗೇ ಅರ್ಧ ಅರ್ಧ ಮಾಡುತ್ತಾ ಹೋದರೆ 16 ಪ್ರೋಗ್ರಾಂ ಇದ್ದರೂ ನಾಲ್ಕೇ ಸಲಕ್ಕೆ ಕಳ್ಳ ಸಿಗುತ್ತಾನೆ. ದೂರದಿಂದ ಕಂಪ್ಯೂಟರ್ ನೋಡುವ ರಿಮೋಟ್ ಆ್ಯಪ್‌ಗಳು, ಮಾನಿಟರ್ ಕಂಪನಿಯ ಆ್ಯಪ್‌ಗಳು, ಗ್ರಾಫಿಕ್ಸ್ ಪ್ರೊಫೈಲ್‌ಗಳ ಮೇಲೆ ಮೊದಲು ಕಣ್ಣಿಡಿ.

ಕಾಲೇಜು ಲ್ಯಾಬ್ ಅಥವಾ ಸೈಬರ್ ಸೆಂಟರ್‌ನ ಕಂಪ್ಯೂಟರ್ ಆದರೆ ಇಷ್ಟೆಲ್ಲ ಹುಡುಕಬೇಕಿಲ್ಲ. ಡೀಪ್ ಫ್ರೀಜ್‌ನಂಥ ಸಾಫ್ಟ್‌ವೇರ್ ಹಾಕಿದ್ದರೆ ಪ್ರತಿ ರೀಸ್ಟಾರ್ಟ್‌ಗೂ ಇಡೀ ಯಂತ್ರ ಮೊದಲಿದ್ದ ಸ್ಥಿತಿಗೆ ಮರಳುತ್ತದೆ. ಅದು ಬೇಕೆಂದೇ ಮಾಡಿದ ವ್ಯವಸ್ಥೆ. ಡೆಸ್ಕ್‌ಟಾಪ್ ಮೇಲೆ ಸುಮ್ನೆ ಒಂದು ಖಾಲಿ ಫೋಲ್ಡರ್ ಮಾಡಿ ರೀಸ್ಟಾರ್ಟ್ ಮಾಡಿ ನೋಡಿ. ಫೋಲ್ಡರೂ ಮಾಯವಾದರೆ ಲ್ಯಾಬ್ ನೋಡಿಕೊಳ್ಳುವವರನ್ನೇ ಕೇಳಿ. ಆಫೀಸಿನ ಕಂಪ್ಯೂಟರ್‌ಗಳಲ್ಲಿ ಐಟಿ ವಿಭಾಗದ ನೀತಿಗಳು ವಾಲ್‌ಪೇಪರ್, ಪವರ್ ಸೆಟ್ಟಿಂಗ್ ಮುಂತಾದವನ್ನು ಹೀಗೆಯೇ ಹಿಡಿದಿಟ್ಟಿರುತ್ತವೆ.

ಲಿನಕ್ಸ್ ಬಳಸುವವರಿಗೆ

ಟರ್ಮಿನಲ್‌ನಲ್ಲಿ ಎಕ್ಸ್‌ರ್ಯಾಂಡರ್ ಆಜ್ಞೆಯಿಂದ ರೆಸಲ್ಯೂಶನ್ ಬದಲಿಸಿದರೆ ಅದು ಆ ಸೆಶನ್‌ಗೆ ಮಾತ್ರ. ಉಳಿಯಬೇಕೆಂದರೆ ಡೆಸ್ಕ್‌ಟಾಪ್‌ನ ಸ್ವಂತ ಸೆಟ್ಟಿಂಗ್ಸ್‌ನಿಂದಲೇ ಬದಲಿಸಿ. ಗ್ನೋಮ್ ಎಂಬ ಡೆಸ್ಕ್‌ಟಾಪ್ ಅದನ್ನು ನಿಮ್ಮ ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ಎಂಬ ಫೈಲಿನಲ್ಲಿ ಬರೆಯುತ್ತದೆ. ಆ ಫೈಲಿನ ಮಾಲೀಕತ್ವ ರೂಟ್ ಹೆಸರಿನಲ್ಲಿದ್ದರೆ ಬರೆಯಲು ಆಗುವುದಿಲ್ಲ, ಆ ಫೈಲಿಗೆ ಬೇರೆ ಹೆಸರಿಟ್ಟು ಮತ್ತೆ ಸೆಟ್ ಮಾಡಿ. ಲಾಗಿನ್ ಪರದೆ ಬೇರೆ ಖಾತೆಯಲ್ಲಿ ನಡೆಯುವುದರಿಂದ ಅದು ಮಾತ್ರ ಹಳೆಯ ರೆಸಲ್ಯೂಶನ್‌ನಲ್ಲಿ ಕಂಡರೆ ಆಶ್ಚರ್ಯವಿಲ್ಲ.

ಎಲ್ಲ ಮಾಡಿಯೂ ಆಗದಿದ್ದರೆ

ರಿಪೇರಿಗೆ ಒಯ್ಯುವ ಮೊದಲು ಒಂದು ಕೊನೆಯ ಪರೀಕ್ಷೆ. ಉಬುಂಟುವಿನಂಥ ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೇ ಅದರಿಂದಲೇ ಕಂಪ್ಯೂಟರ್ ಶುರುಮಾಡಿ. ನಿಮ್ಮ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಅಲ್ಲೂ ಮಾನಿಟರಿನ ಹೆಸರು ಸಿಗದೆ ರೆಸಲ್ಯೂಶನ್ 1024×768ಕ್ಕೇ ನಿಂತರೆ ವಿಂಡೋಸ್ ತಪ್ಪಿಲ್ಲ, ಫಾರ್ಮ್ಯಾಟ್‌ನಿಂದ ಏನೂ ಸಿಗುವುದಿಲ್ಲ. ಅದೇ ಮಾನಿಟರನ್ನು ಇನ್ನೊಂದು ಕಂಪ್ಯೂಟರಿಗೆ, ಇನ್ನೊಂದು ಮಾನಿಟರನ್ನು ಈ ಕಂಪ್ಯೂಟರಿಗೆ ಹಾಕಿ ನೋಡಿ. ತೊಂದರೆ ಮಾನಿಟರಿನ ಜೊತೆ ಹೋದರೆ ಅದರ ಇಡಿಐಡಿ ಚಿಪ್ ಕೆಟ್ಟಿರಬಹುದು. ಆ ಮಾನಿಟರಿನ ಬೇರೆ ಪೋರ್ಟ್ ಬಳಸಿ ನೋಡಿ, ಸಾಮಾನ್ಯವಾಗಿ ಪ್ರತಿ ಪೋರ್ಟಿಗೂ ಇಡಿಐಡಿ ಬೇರೆ ಇರುತ್ತದೆ. ಅದೂ ಇಲ್ಲವೆಂದರೆ ಇಡಿಐಡಿ ಎಮ್ಯುಲೇಟರ್ ಎಂಬ ಬೆರಳುದ್ದದ ಸಾಧನ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ನಿಮ್ಮ ಮಾನಿಟರಿನ ರೆಸಲ್ಯೂಶನ್ ಮತ್ತು ರಿಫ್ರೆಶ್ ರೇಟ್ ಅದರ ಪಟ್ಟಿಯಲ್ಲಿದೆಯೇ ನೋಡಿ. ಕೇಬಲ್ ಮತ್ತು ಪೋರ್ಟ್ ನಡುವೆ ಅದನ್ನು ಸಿಕ್ಕಿಸಿದರೆ ಮಾನಿಟರಿನ ಬದಲು ಅದೇ ಗುರುತು ಹೇಳುತ್ತದೆ. ತೊಂದರೆ ಕಂಪ್ಯೂಟರಿನಲ್ಲೇ ಉಳಿದರೆ ಹಂತ 1ರಲ್ಲಿ ಬರೆದ ಹಾಳೆಯನ್ನು ಜೊತೆಗೆ ಒಯ್ದು ರಿಪೇರಿಯವರ ಕೈಗೆ ಕೊಡಿ, ಯಾವ ಪೋರ್ಟ್‌ನಲ್ಲಿ ಪರೀಕ್ಷಿಸಿದಿರಿ ಎಂಬುದನ್ನೂ ಅದರಲ್ಲಿ ಸೇರಿಸಿ.